ಅಪ್‌ಡೇಟ್: ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿರಲಿಲ್ಲ

ಕಡಿಮೆ ಬೆಲೆಗೆ ತಗೊಂಡ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಪದೇ ಪದೇ ಬಿಸಿಯಾಗುತ್ತಿದೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಬ್ಲಾಕ್‌ಗೂ ನಡುವೆ ಇರುವ ಸೀಲ್) ಹೋಗಿದೆ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ, ಖರ್ಚು ಕಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ, ರಿಪೇರಿ ಮಾಡಿಸಲಾ ಮಾರಿಬಿಡಲಾ ಅಂತ ಕೇಳಿದ್ದೆ. ಮೊದಲು ಬೇರೆ ಮೆಕ್ಯಾನಿಕ್‌ಗೆ ತೋರಿಸಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಹೊಸ ಮೆಕ್ಯಾನಿಕ್ ಇಂಜಿನ್ ಬಿಚ್ಚಲೇ ಇಲ್ಲ. ಆಯಿಲ್ ಕ್ಯಾಪ್ ತೆಗೆದು ನೋಡಿದರು. ನೀರು ಸೇರಿ ಆಯಿಲ್ ಬೆಳ್ಳಗಾಗಿರಲಿಲ್ಲ. ಆಮೇಲೆ ರೇಡಿಯೇಟರ್ ಬಾಯಿಗೆ ನೀಲಿ ದ್ರವ ಇರುವ ಕೊಳವೆ ಇಟ್ಟು, ಇಂಜಿನ್ ಸ್ಟಾರ್ಟ್ ಮಾಡಿ, ಒಳಗಿನ ಗಾಳಿಯನ್ನು ಅದರ ಮೂಲಕ ಎಳೆದರು. ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ನಿನ ಹೊಗೆ ಕೂಲಂಟ್‌ಗೆ (ಇಂಜಿನ್ ತಣ್ಣಗಿಡುವ ದ್ರವ) ನುಗ್ಗಿ ಕೊಳವೆಯ ನೀಲಿ ದ್ರವ ಹಳದಿಯಾಗುತ್ತದಂತೆ. ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಿದ್ದೆ. ನೀಲಿಯಾಗೇ ಉಳಿಯಿತು!

ತೊಂದರೆ ಇದ್ದದ್ದು ಥರ್ಮೋಸ್ಟಾಟ್‌ನಲ್ಲಿ, ಅಂದರೆ ಇಂಜಿನ್ ಬಿಸಿಯಾದಾಗ ಕೂಲಂಟ್‌ಗೆ ರೇಡಿಯೇಟರ್ ದಾರಿ ತೆರೆಯುವ ವಾಲ್ವ್‌ನಲ್ಲಿ. ಅದು ಮುಚ್ಚಿಕೊಂಡೇ ಜಾಮ್ ಆಗಿತ್ತು, ಬಿಸಿ ಕೂಲಂಟ್ ರೇಡಿಯೇಟರ್‌ಗೆ ಹೋಗುತ್ತಲೇ ಇರಲಿಲ್ಲ. ಹೊಸ ಥರ್ಮೋಸ್ಟಾಟ್, ಹೊಸ ಕೂಲಂಟ್, ಅಷ್ಟೇ. ಬಿಲ್ ಹಳೇ ಅಂದಾಜಿನ ಹತ್ತಿರಕ್ಕೂ ಬರಲಿಲ್ಲ. ಇಷ್ಟು ಸಣ್ಣ ಟೆಸ್ಟ್ ಕೂಡ ಮಾಡದೆ ಇಂಜಿನ್ ಬಿಚ್ಚಬೇಕು ಅನ್ನುವುದು ಸರಿಯಲ್ಲ, ಅಲ್ವಾ?

ಕಾರು ಮಾರುತ್ತಿಲ್ಲ. ಬ್ರೇಕ್ ಪ್ಯಾಡ್ ಸವೆದಿವೆ, ಅದು ಮೊದಲು. ಕ್ಲಚ್ ಆಮೇಲೆ. ಎಸಿ ಸದ್ಯಕ್ಕೆ ಹಾಗೇ ಇರಲಿ.