ಪಿಯಾನೋದಲ್ಲಿ ಬಾಖ್ ಇನ್ವೆನ್ಷನ್ 1: ಮಿಸ್ ಮನೆಯಲ್ಲಿ ಸರಿ ಬರುತ್ತದೆ, ನಮ್ಮ ಮನೆಯಲ್ಲಿ ವೇಗ 60 ದಾಟಿದರೆ ಕೈ ನಿಲ್ಲುತ್ತದೆ

ರಾತ್ರಿಪಾಳಿ:
ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಬಾಖ್‌ನ ಸಿ ಮೇಜರ್ ಇನ್ವೆನ್ಷನ್, ಎರಡು ದನಿಯ ಪುಟ್ಟ ಪೀಸ್, ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 772. ಬಲಗೈ ಒಂದೇ ಆದರೆ ಬರುತ್ತದೆ. ಎಡಗೈ ಒಂದೇ ಆದರೂ ಬರುತ್ತದೆ, ಅಷ್ಟು ಚೆನ್ನಾಗಿಲ್ಲ. ಎರಡೂ ಸೇರಿಸಿ ಮೆಟ್ರೊನೋಮ್ (ತಾಳದ ಪೆಟ್ಟು ಹಾಕುವ ಸಾಧನ) 50ರಲ್ಲಿ, ಅಂದರೆ ನಿಮಿಷಕ್ಕೆ 50 ಪೆಟ್ಟಿನಲ್ಲಿ, ಹೇಗೋ ದಾಟುತ್ತೇನೆ. 60ಕ್ಕೆ ಅಲುಗಾಡುತ್ತದೆ. 72ಕ್ಕೆ ಏರಿಸಿದರೆ ಎರಡನೇ ಬಾರ್‌ಗೇ (ನಾಲ್ಕು ಪೆಟ್ಟಿನ ಒಂದು ಆವರ್ತ) ಕೈ ನಿಂತುಬಿಡುತ್ತದೆ.

ಆದರೆ ಶನಿವಾರ ಪಿಯಾನೋ ಮಿಸ್ ಮನೆಯಲ್ಲಿ ಇದನ್ನೇ 72ರಲ್ಲಿ 22 ಬಾರ್ ಪೂರ್ತಿ ನುಡಿಸಿದೆ! ನಾಲ್ಕೈದು ತಪ್ಪು, ಅಷ್ಟೇ. ಮನೆಗೆ ಬಂದು ಕೂತರೆ ಮತ್ತೆ ಅದೇ ಕಥೆ. ಪ್ರಾಕ್ಟೀಸ್ ಸಾಲದು ಅಂತ ಮಾತ್ರ ಹೇಳಬೇಡಿ. ದಿನಾ ರಾತ್ರಿ 10ರ ಮೇಲೆ ಒಂದು ಗಂಟೆ ಕೂರುತ್ತೇನೆ. ಕಲಿಯಲು ಶುರು ಮಾಡಿ ಒಂದೂವರೆ ವರ್ಷ ಆಯಿತು. ಇದಕ್ಕೆ ಮುಂಚೆ ಬಾಖ್‌ನ ಜಿ ಮೇಜರ್ ಮಿನುಯೆಟ್ ಮುಗಿಸಿದ್ದೇನೆ. ಏನು ಮಾಡಲಿ?

ಎರಡನೇ ಕಾಲ:
ಎಡಗೈ ಫಿಂಗರಿಂಗ್, ಅಂದರೆ ಯಾವ ಸ್ವರಕ್ಕೆ ಯಾವ ಬೆರಳು ಅಂತ, ಬರೆಯಿರಿ. ನೂರಕ್ಕೆ ನೂರು ಅದೇ ಇರಬೇಕು.

ಮೊದಲ ಸಾಲನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಸ ರಿ ಗ ಮ ರಿ ಗ ಸ ಪ. ಬಲಗೈಗೆ 1 2 3 4 2 3 1 5. ಸುಲಭ, ಯಾಕೆಂದರೆ ಹೆಬ್ಬೆರಳಿನಿಂದ ಶುರು. ಅದನ್ನೇ ಎಡಗೈ ಒಂದು ಆಕ್ಟೇವ್ ಕೆಳಗೆ ಹೇಳುವಾಗ 5 4 3 2 4 3 5 1 ಆಗುತ್ತದೆ. ಕಿರುಬೆರಳಿನಿಂದ ಶುರು, ಆಮೇಲೆ ಉಂಗುರ ಬೆರಳು. ಕೈಯಲ್ಲಿ ಅತಿ ದುರ್ಬಲ ಎರಡು ಬೆರಳು ಅವೇ. 50ರಲ್ಲಿ ಗೊತ್ತಾಗುವುದಿಲ್ಲ, 72ರಲ್ಲಿ ಗೊತ್ತಾಗುತ್ತದೆ. ನಾನು ಹತ್ತು ವರ್ಷ ವೀಣೆ ಕಲಿತು ಆಮೇಲೆ ಪಿಯಾನೋಗೆ ಬಂದವಳು. ಸರಳೆ ವರಸೆ ಹೇಗೆ ಮಾಡುತ್ತೇವೋ ಹಾಗೇ ಮಾಡಿ. ನಿಧಾನದ ಒಂದನೇ ಕಾಲ ಗಟ್ಟಿಯಾಗದೆ ದುಪ್ಪಟ್ಟು ವೇಗದ ಎರಡನೇ ಕಾಲಕ್ಕೆ ಹೋಗಬೇಡಿ.

ಕುಡ್ಲದ ಆರ್ಗನ್:
ಮೊದಲು ಒಂದು ವಿಷಯ. ಆ ಜಿ ಮೇಜರ್ ಮಿನುಯೆಟ್ ಬಾಖ್‌ನದಲ್ಲ. ಬಾಖ್ ಹೆಂಡತಿ ಅನ್ನಾ ಮಗ್ದಲೇನಾ ಅವರ 1725ರ ಪುಸ್ತಕದಲ್ಲಿ ಇದೆ ನಿಜ, ಬರೆದವನು ಡ್ರೆಸ್ಡೆನ್‌ನ ಆರ್ಗನ್ ವಾದಕ ಕ್ರಿಸ್ಟಿಯನ್ ಪೆಟ್ಸೋಲ್ಡ್. 1970ರ ದಶಕದಿಂದಲೇ ಗೊತ್ತಿರುವ ಸಂಗತಿ. ಪಾಪ, ಅವನ ಹೆಸರನ್ನೂ ಹೇಳಬೇಕು ಅಲ್ವಾ.

ಇನ್ನು ನಿಮ್ಮ ತೊಂದರೆ. ಮಿಸ್ ಮನೆಯಲ್ಲಿ ಇರುವುದು ನಿಜವಾದ ಪಿಯಾನೋನಾ? ನಿಮ್ಮದು ಯಾವುದು? ಕೀಗೆ ತೂಕ ಇಲ್ಲದ 61 ಕೀ ಕೀಬೋರ್ಡ್ ಆದರೆ ಬೆರಳು ಓಡಿಬಿಡುತ್ತದೆ. ಪೆಡಲ್ ಒತ್ತುತ್ತೀರಾ? ಒತ್ತಬೇಡಿ.

ರಾತ್ರಿಪಾಳಿ:
ಮಿಸ್ ಮನೆಯದು ಅಪ್‌ರೈಟ್, ನಿಜವಾದ ಪಿಯಾನೋ. ನಮ್ಮದು 88 ಕೀ ಡಿಜಿಟಲ್, ಕೀಗೆ ತೂಕ ಇದೆ. ಪೆಡಲ್ ಮುಟ್ಟುವುದೇ ಇಲ್ಲ. ಎರಡನೇ ಕಾಲ ಮೇಡಂ, ಎಡಗೈ ಫಿಂಗರಿಂಗ್ ನೀವು ಬರೆದದ್ದೇ, ಮಿಸ್ ಕೂಡ ಅದನ್ನೇ ಬರೆದುಕೊಟ್ಟಿದ್ದಾರೆ. ರಾತ್ರಿ ಮಗು ಮಲಗಿರುತ್ತದೆ, ಹಾಗಾಗಿ ಹೆಡ್‌ಫೋನ್‌ನಲ್ಲೇ ನುಡಿಸುವುದು. ಪೆಟ್ಸೋಲ್ಡ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್ ಸರ್.

ಎರಡನೇ ಕಾಲ:
ಫಿಂಗರಿಂಗ್ ಬರೆದುಕೊಳ್ಳುವುದು ಬೇರೆ, ಪ್ರತಿ ಸಲ ಅದೇ ಬೆರಳು ಬೀಳುವುದು ಬೇರೆ. ಎಡಗೈ ವಿಡಿಯೋ ಹಾಕಿ. ನೋಡದೆ ನಾನು ಬಿಡುವುದಿಲ್ಲ.

ಹಾರ್ಪ್ಸಿ 415:
ಯಾವ ಪ್ರತಿ ನೋಡಿ ನುಡಿಸುತ್ತಿದ್ದೀರಿ? ಈ ಇನ್ವೆನ್ಷನ್‌ಗೆ ಟ್ರಿಪ್ಲೆಟ್ (ಮೂರು ಸ್ವರದ ಗುಂಪು) ಇರುವ ಇನ್ನೊಂದು ರೂಪ ಇದೆ, 772ಎ. ಬಾಖ್ ತನ್ನ ಪ್ರತಿಯಲ್ಲೇ ಆಮೇಲೆ ಸ್ವರ ಸೇರಿಸಿ ಮಾಡಿದ್ದು. ಅದು ಸಿಕ್ಕಿದ್ದರೆ ಕೈ ತಪ್ಪುವುದು ಸಹಜ. ಹಳೆಯ ಪ್ರತಿಗಳಲ್ಲಿ ಸಂಪಾದಕರು ಹಾಕಿದ ವೇಗವನ್ನೂ ನಂಬಬೇಡಿ. ಬಾಖ್ ವೇಗ ಬರೆದೇ ಇಲ್ಲ.

ಅಂದಹಾಗೆ, ಇದನ್ನು ಹಾರ್ಪ್ಸಿಕಾರ್ಡ್ (ತಂತಿ ಮೀಟುವ ಹಳೆಯ ಕೀ ವಾದ್ಯ) ಸೌಂಡ್‌ನಲ್ಲಿ ಕೇಳಿದರೆ ಎರಡೂ ದನಿ ಬೇರೆ ಬೇರೆ ಎದ್ದು ಕಾಣುತ್ತವೆ. ನಾನು ರೋಲ್ಯಾಂಡ್ ಡಿಜಿಟಲ್‌ನಿಂದ ಯುಎಸ್‌ಬಿ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಪಿಯಾನೊಟೆಕ್ ಅನ್ನುವ ಸಾಫ್ಟ್‌ವೇರ್ ಇಟ್ಟಿದ್ದೇನೆ. ಶ್ರುತಿ 415 ಹರ್ಟ್ಸ್, ವೆರ್ಕ್‌ಮೈಸ್ಟರ್ ಅನ್ನುವ ಹಳೆಯ ಟ್ಯೂನಿಂಗ್. ಆಡಿಯೋ ಇಂಟರ್‌ಫೇಸ್ ಬಫರ್ (ಸದ್ದು ಹೊರಡುವ ಮುಂಚೆ ಕೂಡಿಡುವ ಸ್ಯಾಂಪಲ್) 64. ಒಮ್ಮೆ ಇದಕ್ಕೆ ಕಿವಿ ಒಗ್ಗಿದರೆ ಮತ್ತೆ ಪಿಯಾನೋ ಸೌಂಡ್‌ಗೆ ಮನಸ್ಸು ಬರುವುದಿಲ್ಲ.

ಕುಡ್ಲದ ಆರ್ಗನ್:
ಕಲಿಯುವವರಿಗೆ 415 ಹೇಳಿ ಗೊಂದಲ ಮಾಡಬೇಡಿ. ಅದು ಈಗಿನ ಸಾಮಾನ್ಯ ಶ್ರುತಿ 440ಕ್ಕಿಂತ ಹೆಚ್ಚು ಕಮ್ಮಿ ಅರ್ಧ ಸ್ವರ ಕೆಳಗೆ. ಮನೆಯಲ್ಲಿ ಒಂದು ಶ್ರುತಿ, ಮಿಸ್ ಹತ್ತಿರ ಇನ್ನೊಂದು ಆಗುತ್ತದೆ. ಬಾಖ್ ಈ ಇನ್ವೆನ್ಷನ್‌ಗಳನ್ನು 1723ರಲ್ಲಿ ನೀಟಾಗಿ ಬರೆದಿಟ್ಟಾಗ ಮುಖಪುಟದಲ್ಲೇ ಹಾಡಿನಂತೆ ನುಡಿಸುವುದನ್ನು ಕಲಿಯಲಿ ಅಂತ ಬರೆದಿದ್ದಾನೆ. ಹಾಡಿನ ಗುಣ ಪಿಯಾನೋದಲ್ಲೇ ಚೆನ್ನಾಗಿ ಬರುತ್ತದೆ. ನಾನು ಇಗರ್ಜಿಯಲ್ಲಿ ಇಪ್ಪತ್ತು ವರ್ಷ ಆರ್ಗನ್ ನುಡಿಸಿದವನು, ಆದರೂ ಇದನ್ನೇ ಹೇಳುತ್ತೇನೆ.

ಹಾರ್ಪ್ಸಿ 415:
ಹಾಡಿನಂತೆ ಅಂದರೆ ಪಿಯಾನೋ ಅಂತ ಅರ್ಥ ಅಲ್ಲ. ಬಾಖ್ ಬರೆದದ್ದು ತನ್ನ ಮನೆಯಲ್ಲಿದ್ದ ವಾದ್ಯಕ್ಕೆ. ಫಿಂಗರಿಂಗ್ ಕೂಡ ಆಗ ಬೇರೆ. 1720ರಲ್ಲಿ ಒಂಬತ್ತು ವರ್ಷದ ಮಗ ವಿಲ್‌ಹೆಲ್ಮ್ ಫ್ರೀಡೆಮಾನ್‌ಗೆ ಮಾಡಿಕೊಟ್ಟ ಪುಸ್ತಕದಲ್ಲಿ ಅಪ್ಲಿಕಾಟಿಯೋ ಅಂತ ಒಂದು ಚಿಕ್ಕ ಪೀಸ್ ಇದೆ, ಬೆರಳಿನ ಅಂಕಿಗಳು ಬಾಖ್‌ನವೇ. ಬಲಗೈ ಏರುವಾಗ 3 4 3 4. ಅಂದರೆ ಮಧ್ಯದ ಬೆರಳು ಉಂಗುರ ಬೆರಳನ್ನು ದಾಟಿ ಹೋಗುತ್ತದೆ. ಈ ಇನ್ವೆನ್ಷನ್‌ಗಳ ಮೊದಲ ರೂಪ ಇರುವುದೂ ಅದೇ ಪುಸ್ತಕದಲ್ಲಿ.

ಎರಡನೇ ಕಾಲ:
ನೋಡಿ, ಕೊನೆಗೆ ಎಲ್ಲರೂ ಫಿಂಗರಿಂಗ್‌ಗೇ ಬಂದಿರಿ.

ರಾತ್ರಿಪಾಳಿ:
ನನ್ನ ಪ್ರತಿಯಲ್ಲಿ ಟ್ರಿಪ್ಲೆಟ್ ಇಲ್ಲ. ನಾನು ಕೇಳಿದ್ದು ಒಂದೇ: ಅಲ್ಲಿ ಬರುವುದು ಇಲ್ಲಿ ಯಾಕೆ ಬರುವುದಿಲ್ಲ? ನಿನ್ನೆ ರಾತ್ರಿ 40 ಸಲ ನುಡಿಸಿದೆ. ಕೊನೆಗೆ ಅಳು ಬಂತು.

ಬಿಳಿ ನಾಲ್ಕು:
ನಾನು ಧಾರವಾಡದವನು, ಹಾರ್ಮೋನಿಯಂ ನುಡಿಸುತ್ತೇನೆ, ಪಿಯಾನೋ ಗೊತ್ತಿಲ್ಲ. ಆದರೂ ಒಂದು ಪ್ರಶ್ನೆ. ಹೆಡ್‌ಫೋನ್ ಅಂದಿರಿ. ವೈರ್ ಇರುವುದಾ, ಬ್ಲೂಟೂತಾ? ಮೆಟ್ರೊನೋಮ್ ಎಲ್ಲಿಂದ ಕೇಳಿಸುತ್ತದೆ?

ರಾತ್ರಿಪಾಳಿ:
ಬ್ಲೂಟೂತ್ ಇಯರ್‌ಬಡ್. ಹೆಡ್‌ಫೋನ್ ತೂತಿಗೆ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಹಾಕಿದ್ದೇನೆ. ಒಂದೇ ಕಿವಿಗೆ ಹಾಕುತ್ತೇನೆ, ಮಗು ಎದ್ದರೆ ಕೇಳಿಸಬೇಕು. ಮೆಟ್ರೊನೋಮ್ ಮೊಬೈಲ್‌ನಲ್ಲಿ, ಇನ್ನೊಂದು ಕಿವಿಗೆ ನೇರವಾಗಿ ಕೇಳಿಸುತ್ತದೆ. ಯಾಕೆ?

ಬಿಳಿ ನಾಲ್ಕು:
ಹಾಗಾದರೆ ಬೆರಳಿನ ಮಾತು ಸ್ವಲ್ಪ ಪಕ್ಕಕ್ಕಿಡಿ.

ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಎಷ್ಟು ತಡ ಅನ್ನುವುದು ಇಯರ್‌ಬಡ್ ಯಾವುದು ಅನ್ನುವುದರ ಮೇಲಿದೆ, ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ಹಿಡಿಯಿರಿ. ಹಾಡು ಕೇಳುವಾಗ ಗೊತ್ತೇ ಆಗುವುದಿಲ್ಲ. ನುಡಿಸುವವರಿಗೆ ಅದು ದೊಡ್ಡ ತೊಂದರೆ. ಲೆಕ್ಕ ಮಾಡಿ. ಮೆಟ್ರೊನೋಮ್ 72 ಅಂದರೆ ಒಂದು ಪೆಟ್ಟು 833 ಮಿಲಿಸೆಕೆಂಡ್. ಒಂದು ಪೆಟ್ಟಿಗೆ ನಾಲ್ಕು ಸೆಮಿಕ್ವೇವರ್ (ಕಾಲು ಪೆಟ್ಟಿನ ಸ್ವರ), ತಲಾ 208. ಅಂದರೆ ನಿಮ್ಮ ಬೆರಳು ಗ ಒತ್ತುವಾಗ ಕಿವಿಗೆ ರಿ ಬೀಳುತ್ತಿರಬಹುದು. ಪೂರ್ತಿ ಒಂದು ಸ್ವರ ಹಿಂದೆ! 50ರಲ್ಲಿ ಒಂದು ಸೆಮಿಕ್ವೇವರ್ 300 ಮಿಲಿಸೆಕೆಂಡ್, ಮುಂದಿನ ಸ್ವರ ಒತ್ತುವ ಮುಂಚೆ ಹಿಂದಿನದು ಕೇಳಿಸಿ ಆಗಿರುತ್ತದೆ. ಅದಕ್ಕೇ ಅಲ್ಲಿ ಹೇಗೋ ದಾಟುತ್ತೀರಿ.

ನನಗೂ ಇದೇ ಆಗಿತ್ತು. ಟ್ಯಾಬ್‌ನಲ್ಲಿ ಹಾರ್ಮೋನಿಯಂ ಆಪ್, ಬ್ಲೂಟೂತ್ ಸ್ಪೀಕರ್. ಆಲಾಪ್ ಚೆನ್ನಾಗಿ ಬರುತ್ತಿತ್ತು, ವೇಗದ ದ್ರುತ್ ತಾನ್ ಬಂದ ಕೂಡಲೇ ಬೆರಳು ಬಿಗಿಯಾಗುತ್ತಿತ್ತು. ವಯಸ್ಸಾಯಿತು ಅಂತ ಎರಡು ತಿಂಗಳು ಕೊರಗಿದೆ. ವೈರ್ ಹಾಕಿದ ದಿನ ಸರಿಹೋಯಿತು.

ಎರಡನೇ ಕಾಲ:
ತಡ ಆದರೆ ಎರಡೂ ಕೈಗೆ ಒಂದೇ ಸಮ ತಡ ಆಗುತ್ತದೆ. ಕೈ ಕೈಗೆ ತಾಳ ಯಾಕೆ ತಪ್ಪಬೇಕು? ಇದು ಫಿಂಗರಿಂಗೇ.

ಬಿಳಿ ನಾಲ್ಕು:
ಕೈ ಕೈ ನಡುವೆ ಅಂತರ ಬರುವುದಿಲ್ಲ ಮೇಡಂ, ಅದು ನಿಜ. ಆದರೆ ಮೆಟ್ರೊನೋಮ್‌ಗೆ ತಡ ಇಲ್ಲ, ಪಿಯಾನೋಗೆ ಇದೆ. ಹಿಂದೆ ಬಿದ್ದೆ ಅಂತ ಇವರು ಕೈ ಮುಂದೆ ತಳ್ಳುತ್ತಾರೆ. ಇನ್ನೂ ತಪ್ಪುತ್ತದೆ. ಗಟ್ಟಿಯಾದ ಕೈ ಮುಂದೆ ಓಡುತ್ತದೆ, ಮೆತ್ತಗಿನ ಕೈ ಹಿಂದೆ ಉಳಿಯುತ್ತದೆ. ನೀವು ಹೇಳುವ ಎಡಗೈ ತೊಂದರೆ ಇದ್ದರೂ ಇರಬಹುದು. ಆದರೆ ಈ ತಡ ಇರುವಾಗ ಅದನ್ನು ಅಳೆಯುವುದಕ್ಕೇ ಆಗುವುದಿಲ್ಲ.

ಇಯರ್‌ಬಡ್ ಹಾಕಿ ಒಂದು ಕೀ ಜೋರಾಗಿ ಕುಟ್ಟಿ. ಕೀ ಕೆಳಗೆ ಬಡಿದ ಟಕ್ ಮೊದಲು ಕೇಳಿಸಿ ಸ್ವರ ಆಮೇಲೆ ಬಂದರೆ ತೀರ್ಮಾನ ಆಯಿತು.

ಹಾರ್ಪ್ಸಿ 415:
ಇದು ನನಗೆ ಹೊಳೆಯಬೇಕಿತ್ತು. ಬಫರ್ 64 ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಲೆಕ್ಕದಲ್ಲಿ 1.3 ಮಿಲಿಸೆಕೆಂಡ್. ಅಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳುತ್ತೇನೆ, ಇವರು 200 ಮಿಲಿಸೆಕೆಂಡ್ ತಡದಲ್ಲಿ ಬಾಖ್ ನುಡಿಸುತ್ತಿದ್ದಾರೆ.

ರಾತ್ರಿಪಾಳಿ:
ಕುಟ್ಟಿ ನೋಡಿದೆ. ಟಕ್ ಮೊದಲು, ಸ್ವರ ಆಮೇಲೆ. ಮೂರು ವಾರ ಇದು ಕಿವಿಗೆ ಬಿದ್ದೇ ಇರಲಿಲ್ಲ.

ಇವತ್ತು ಎಸ್‌ಪಿ ರೋಡ್‌ಗೆ ಹೋಗಿ ದೊಡ್ಡ ಪಿನ್ ಕನ್ವರ್ಟರ್ ತಂದೆ. ಹಳೆಯ ಮೊಬೈಲ್‌ನ ವೈರ್ ಇಯರ್‌ಫೋನ್ ಹಾಕಿದೆ. 60 ಸಲೀಸು. 66 ಎರಡು ಸಲ ಸತತವಾಗಿ ಬಂತು. 72ರಲ್ಲಿ ಏಳನೇ ಬಾರ್‌ನ ಜಿ ಮೇಜರ್ ಕೇಡೆನ್ಸ್ (ಸಾಲು ಬಂದು ನಿಲ್ಲುವ ಜಾಗ) ವರೆಗೆ ಹೋದೆ. ಬಿಳಿ ನಾಲ್ಕು ಸರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ಎರಡನೇ ಕಾಲ ಮೇಡಂ, ಎಡಗೈ ವಿಡಿಯೋ ಕೂಡ ತೆಗೆದೆ. ನೀವು ಹೇಳಿದ್ದು ಇದೆ. ಉಂಗುರ ಬೆರಳು ಬೀಳಬೇಕಾದ ಕಡೆ ನಾಲ್ಕರಲ್ಲಿ ಒಂದು ಸಲ ಮಧ್ಯದ ಬೆರಳು ಬೀಳುತ್ತದೆ. ಇನ್ನೊಂದು ಉಳಿದಿದೆ. ಮೊದಲ ಬಾರ್‌ನ ಕೊನೆಯ ಪೆಟ್ಟಿಗೆ ಬಲಗೈಯಲ್ಲಿ ನಿ ಮೇಲೆ ಮಾರ್ಡೆಂಟ್ (ಪಕ್ಕದ ಸ್ವರ ಮುಟ್ಟಿ ಬರುವ ಅಲಂಕಾರ), ಅದೇ ಹೊತ್ತಿಗೆ ಎಡಗೈಯಲ್ಲಿ ಮ. ಅಲ್ಲಿ ಎಡಗೈ ಒಂದು ಕ್ಷಣ ನಿಲ್ಲುತ್ತದೆ.

ಎರಡನೇ ಕಾಲ:
ಮಾರ್ಡೆಂಟ್ ಸದ್ಯಕ್ಕೆ ಬಿಟ್ಟುಬಿಡಿ. ಬರೀ ನಿ ನುಡಿಸಿ. ವೇಗ ಕೂತ ಮೇಲೆ ನಿ-ದ-ನಿ ಸೇರಿಸಿ, ಪೆಟ್ಟಿನ ಮೇಲೇ ಶುರುವಾಗಬೇಕು, ಮುಂಚೆ ಅಲ್ಲ. ಎಡಗೈಗೆ ಮೊದಲ ಎಂಟು ಸ್ವರ ಮಾತ್ರ, ದಿನಾ ಹತ್ತು ನಿಮಿಷ, 40ರಲ್ಲಿ. ಭಾನುವಾರ ಇನ್ನೊಂದು ವಿಡಿಯೋ ಹಾಕಿ.

ಕುಡ್ಲದ ಆರ್ಗನ್:
ಮಾರ್ಡೆಂಟ್ ಬಿಡುವುದು ನನಗೆ ಒಪ್ಪಿಗೆ ಇಲ್ಲ. ಒಮ್ಮೆ ಬಿಟ್ಟು ಅಭ್ಯಾಸ ಆದರೆ ಆಮೇಲೆ ಸೇರಿಸುವಾಗ ಎಡಗೈ ಮತ್ತೆ ನಿಲ್ಲುತ್ತದೆ. ವೇಗ ಕಮ್ಮಿ ಮಾಡಿ, ಮೊದಲಿನಿಂದಲೇ ಸೇರಿಸಿ ಕಲಿಯಿರಿ.

ಎರಡನೇ ಕಾಲ:
ಗಮಕ ಇಲ್ಲದೆ ಸರಳೆ ಕಲಿತೇ ನಾವೆಲ್ಲ ಗಮಕಕ್ಕೆ ಬಂದದ್ದು ಸರ್.

ಬಿಳಿ ನಾಲ್ಕು:
415 ಅವರೇ, ಆ ಪಿಯಾನೊಟೆಕ್‌ನಲ್ಲಿ ನಮ್ಮ ತಂಬೂರಿಗೆ ಹೊಂದುವ ಹಾಗೆ ಗಂಧಾರ ಸ್ವಲ್ಪ ಇಳಿಸಿಕೊಳ್ಳಬಹುದಾ?