ಪದಚರ್ಚೆ: ‘ಹೊಂದಾಣಿಕೆ’ ಎಂದರೆ ಯಾವ ಹೊಂದಾಣಿಕೆ? ನಗರಾಡಳಿತದ ಹವಾಮಾನ ಕಡತದ ಕೆಲವು ಮಾತುಗಳು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೆಂಗಳೂರಿನ ವಾರ್ಡ್ ಸಮಿತಿ ಸಭೆಗಳಿಗೆ ಬರುವವರಿಗಾಗಿ, ನಿವಾಸಿ ಸಂಘಗಳವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ನಗರದ ಹವಾಮಾನ ಕ್ರಿಯಾ ಯೋಜನೆಯಲ್ಲಿ ಏನಿದೆ, ಅದರ ಯಾವ ಕೆಲಸ ಯಾವ ಕಚೇರಿಗೆ ಸೇರಿದ್ದು, ಇಷ್ಟೂ ಕಚೇರಿಗಳನ್ನು ಒಂದೆಡೆ ಕೂರಿಸಿ ಕೆಲಸ ಮಾಡಿಸುವ ಹೊಣೆ ಯಾರದು ಎನ್ನುವುದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಹೇಳುವುದು ಉದ್ದೇಶ. ಕರಡಿನ ಭಾಷೆ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊಸ ಪದಗಳು ನನ್ನನ್ನು ಅಷ್ಟೇನೂ ಕಾಡಲಿಲ್ಲ. ‘ನಿವ್ವಳ ಶೂನ್ಯ’ ಎಂದರೆ ಹೊರಸೂಸುವ ಇಂಗಾಲವೂ ಹೀರಿಕೊಳ್ಳುವ ಇಂಗಾಲವೂ ಸರಿದೂಗುವುದು ಎಂದು ಒಂದು ಸಾಲು ಬರೆದರೆ ಓದುಗರು ಒಪ್ಪಿಕೊಳ್ಳುತ್ತಾರೆ. ಕಾಡುತ್ತಿರುವುದು ಹಳೆಯ, ಬಳಕೆಯ ಪದಗಳು. ಒಂದೊಂದು ಇಲಾಖೆ ಅವನ್ನು ಈಗಾಗಲೇ ತನ್ನದೇ ಅರ್ಥದಲ್ಲಿ ಬಳಸುತ್ತಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಆಗಿನ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಹೊರತಂದಿತು. 2050ಕ್ಕೆ ನಿವ್ವಳ ಶೂನ್ಯ ಮುಟ್ಟುವುದು ಗುರಿ. ವಿದ್ಯುತ್ ಮತ್ತು ಕಟ್ಟಡ, ಸಾರಿಗೆ, ಘನತ್ಯಾಜ್ಯ, ಗಾಳಿ, ನೀರು ಮತ್ತು ಕೊಳಚೆನೀರು, ನಗರ ಯೋಜನೆ ಮತ್ತು ಹಸಿರು, ವಿಪತ್ತು ನಿರ್ವಹಣೆ ಹೀಗೆ ಏಳು ವಲಯಗಳಲ್ಲಿ ಕೆಲಸ ಹಂಚಿದ್ದರು. ಇದಕ್ಕೆಂದೇ ಪಾಲಿಕೆಯಲ್ಲಿ ಹವಾಮಾನ ಕ್ರಿಯಾ ಕೋಶವೂ ಹುಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದವು. ಕರೆಂಟು ಬೆಸ್ಕಾಂನದು, ಕುಡಿಯುವ ನೀರೂ ಒಳಚರಂಡಿಯೂ ಜಲಮಂಡಳಿಯವು, ಬಸ್ಸು ಬಿಎಂಟಿಸಿಯದು, ಗಾಳಿಯ ಗುಣಮಟ್ಟ ಅಳೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಮಳೆಯ ಮುನ್ಸೂಚನೆ ಕೊಡುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಇವು ಯಾವುವೂ ಪಾಲಿಕೆಯ ಕೈಕೆಳಗಿನವಲ್ಲ. ಹೀಗಾಗಿ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುವ ವಿಷಯವೇ ಇಲಾಖೆ ಇಲಾಖೆಗಳು ಕೂಡಿ ಕೆಲಸ ಮಾಡುವುದು.

ಈಗ ನನ್ನ ಮುಖ್ಯ ಪ್ರಶ್ನೆ, ‘ಹೊಂದಾಣಿಕೆ’. ಕರಡಿನ ಒಂದು ಅಧ್ಯಾಯದ ತಲೆಬರಹ ‘ವಾರ್ಡ್ ಮಟ್ಟದ ಹೊಂದಾಣಿಕೆ ಕ್ರಮಗಳು’. ಬದಲಾಗುತ್ತಿರುವ ಮಳೆ-ಬಿಸಿಲಿಗೆ ತಕ್ಕಂತೆ ನಾವು ನಮ್ಮ ಬೀದಿ, ಮನೆ, ಕಾಲುವೆಗಳನ್ನು ಮಾರ್ಪಡಿಸಿಕೊಳ್ಳುವುದು ಎಂಬ ಅರ್ಥದಲ್ಲಿ ಬರೆದದ್ದು. ಅದನ್ನು ಓದಲು ಕೊಟ್ಟಾಗ ನಿವಾಸಿ ಸಂಘದ ಒಬ್ಬ ಹೆಂಗಸು ಕೇಳಿದರು: “ಅಂದ್ರೆ ಇನ್ಮೇಲೆ ಜಲಮಂಡಳಿಯವರೂ ಪಾಲಿಕೆಯವರೂ ಒಟ್ಟಿಗೆ ಬರ್ತಾರೆ ಅಂತಾನಾ ಸಾರ್?” ಅವರು ಓದಿದ್ದರಲ್ಲಿ ತಪ್ಪೇನೂ ಇಲ್ಲ. ‘ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲ’ ಎಂಬ ಸಾಲನ್ನು ಪತ್ರಿಕೆಗಳಲ್ಲಿ ಎಷ್ಟು ವರ್ಷಗಳಿಂದ ಓದುತ್ತಿದ್ದೇವೆ! ಇನ್ನೊಬ್ಬರಿಗೆ ಆ ಪದ ರುಚಿಸಲೇ ಇಲ್ಲ. ‘ಹೊಂದಾಣಿಕೆ ರಾಜಕಾರಣ’ ಎನ್ನುವಾಗಿನ ವಾಸನೆ ಅವರಿಗೆ ಬಂದಿತ್ತು: ಒಳಗೊಳಗೇ ಏನೋ ಮಾತುಕತೆ ಮುಗಿದಿದೆ ಎಂಬ ಅನುಮಾನ. ಲೆಕ್ಕಪತ್ರ ಶಾಖೆಯವರಿಗೆ ಕೊಟ್ಟರೆ ಮುಂಗಡವನ್ನು ಬಿಲ್ಲಿನಲ್ಲಿ ಕಳೆಯುವುದು ನೆನಪಾಗುತ್ತದೆ. ಶಾಲೆಯ ವಿಜ್ಞಾನ ನೆನಪಿರುವವರಿಗೆ ಮಾತ್ರ ಮರುಭೂಮಿಯ ಒಂಟೆ ಕಣ್ಣಮುಂದೆ ಬಂದು ಕರಡಿನ ಅರ್ಥ ಹೊಳೆಯುತ್ತದೆ.

ನನ್ನ ಈಗಿನ ಒಲವು ಹೀಗಿದೆ. ಹವಾಮಾನಕ್ಕೆ ತಕ್ಕಂತೆ ಮಾರ್ಪಡುವುದಕ್ಕೆ ‘ಹೊಂದಿಕೊಳ್ಳುವಿಕೆ’ ಎಂದೇ ಬರೆಯುವುದು, ಸಾಧ್ಯವಿದ್ದಲ್ಲೆಲ್ಲ ಕ್ರಿಯಾಪದವಾಗಿಯೇ ಇಡುವುದು: ‘ಬಿಸಿಲಿಗೆ ಹೊಂದಿಕೊಳ್ಳಲು’, ‘ನೆರೆಗೆ ಹೊಂದಿಕೊಂಡ ಮನೆ’. ಕನ್ನಡದ ‘ಕೊಳ್ಳು’ ಇಲ್ಲಿ ಬಹಳ ಉಪಕಾರ ಮಾಡುತ್ತದೆ. ಮಾರ್ಪಡಬೇಕಾದವರು ನಾವೇ ಎನ್ನುವುದು ಅದರಲ್ಲೇ ಬಂತು. ಇಲಾಖೆಗಳು ಕೂಡಿ ನಡೆಯುವುದಕ್ಕೆ ‘ಸಮನ್ವಯ’. ‘ಹೊಂದಾಣಿಕೆ’ಯನ್ನು ಕೈಪಿಡಿಯಿಂದ ಪೂರ್ತಿ ಕೈಬಿಡುವುದು. ಆದರೆ ‘ಹೊಂದಿಕೊಳ್ಳುವಿಕೆ’ ತಲೆಬರಹಕ್ಕೆ ಭಾರ, ನಾಲಿಗೆಗೂ ಭಾರ. ಇದಕ್ಕಿಂತ ಹಗುರವಾದ ಮಾತು ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ.

‘ಹೊಂದಾಣಿಕೆ’ಯ ಜೊತೆಜೊತೆಗೇ ಬರುವುದು ‘ಉಪಶಮನ’. ಇದು ಇನ್ನೂ ಸೂಕ್ಷ್ಮ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ ಉಪಶಮನ ನಿಧಿಯ ಪ್ರಸ್ತಾಪವಿದೆ. ವಿಪತ್ತಿನ ಕಡತ ನೋಡುವವರಿಗೆ ಉಪಶಮನವೆಂದರೆ ನೆರೆ, ಬರ ಬಂದಾಗ ಆಗುವ ಹಾನಿಯನ್ನು ಮೊದಲೇ ತಗ್ಗಿಸಿಕೊಳ್ಳುವ ಕೆಲಸ. ಹವಾಮಾನದ ಕಡತದಲ್ಲಿ ಅದೇ ಪದಕ್ಕೆ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವುದು ಎಂದರ್ಥ. ಒಂದು ರಾಜಕಾಲುವೆಯ ತಡೆಗೋಡೆಯನ್ನೇ ತೆಗೆದುಕೊಳ್ಳಿ. ವಿಪತ್ತಿನ ಕಡತದಲ್ಲಿ ಅದು ಉಪಶಮನ ಕಾಮಗಾರಿ. ಹವಾಮಾನದ ಕಡತದಲ್ಲಿ ಅದು ಹೊಂದಿಕೊಳ್ಳುವ ಕೆಲಸ, ಉಪಶಮನವಲ್ಲ. ಗೋಡೆ ಅದೇ, ಸಿಮೆಂಟು ಅದೇ, ಸಭೆಯಲ್ಲಿ ಕೂತ ಇಬ್ಬರು ಅಧಿಕಾರಿಗಳ ಮುಂದಿನ ನಮೂನೆಯಲ್ಲಿ ಮಾತ್ರ ಎರಡು ಬೇರೆ ಅಂಕಣ. ಹೀಗಾದಾಗ ಒಂದೇ ಗೋಡೆ ಎರಡು ಕಡೆ ಲೆಕ್ಕಕ್ಕೆ ಬರಬಹುದು, ಇಲ್ಲವೇ ಪಕ್ಕದವರು ಬರೆದಿರುತ್ತಾರೆಂದು ಇಬ್ಬರೂ ಬಿಡಬಹುದು. ಸಮನ್ವಯ ಮುರಿಯುವುದು ಇಂಥ ಕಡೆ ಎಂದು ನಾನು ಬಲವಾಗಿ ನಂಬುತ್ತೇನೆ. ಕೈಪಿಡಿಯಲ್ಲಿ ‘ಉಪಶಮನ’ವನ್ನು ವಿಪತ್ತಿನವರಿಗೇ ಬಿಟ್ಟು, ಹವಾಮಾನದ ಮಟ್ಟಿಗೆ ‘ಇಂಗಾಲ ತಗ್ಗಿಸುವುದು’ ಎಂದು ಬಿಡಿಸಿ ಬರೆಯೋಣವೆಂದಿದ್ದೇನೆ. ಪದ ಉದ್ದವಾದರೂ ಗೊಂದಲವಿಲ್ಲ.

ಕಾಲುವೆಯ ಮಾತು ಬಂತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ಕಡೆಯ ಬಡಾವಣೆಗಳೂ ಹೊರವರ್ತುಲ ರಸ್ತೆಯೂ ಮುಳುಗಿ, ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾದದ್ದು ಎಲ್ಲರಿಗೂ ನೆನಪಿರಬೇಕು. ರಾಜಕಾಲುವೆ ರಸ್ತೆಯನ್ನು ಹಾಯುವ ಯಾವುದಾದರೂ ಒಂದು ಮೋರಿಯ ಹತ್ತಿರ ನಿಂತು ನೋಡಿ. ಮೇಲಿನ ಡಾಂಬರು ರಸ್ತೆ ವಿಭಾಗದ್ದು. ಕೆಳಗೆ ಹರಿಯುವ ನೀರು ಬೃಹತ್ ನೀರುಗಾಲುವೆ ವಿಭಾಗದ್ದು. ಆ ನೀರಿಗೆ ಅಡ್ಡಲಾಗಿ ಹಾದು, ಕಸ ಕಟ್ಟಿಕೊಳ್ಳಲು ಆಸರೆಯಾಗಿರುವ ದಪ್ಪ ಕೊಳವೆ ಜಲಮಂಡಳಿಯದು. ದಡದ ಕಂಬ ಬೆಸ್ಕಾಂನದು, ಕಂಬಕ್ಕೆ ತಾಗುವ ಕೊಂಬೆ ಕಡಿಯಲು ಅರಣ್ಯ ವಿಭಾಗದ ಅನುಮತಿ ಬೇಕು, ಮೋರಿಯ ಬಾಯಿಗೆ ಸಿಕ್ಕಿಕೊಂಡ ಕಸ ಘನತ್ಯಾಜ್ಯದವರದು. ಹೂಳೆತ್ತಿದ ಮೇಲೆ ದಡದಲ್ಲೇ ರಾಶಿ ಹಾಕಿದ ಹೂಳನ್ನು ಸಾಗಿಸುವುದು ಯಾರು ಎಂದು ಪ್ರತಿ ಮಳೆಗಾಲದಲ್ಲೂ ಕೇಳಬೇಕಾಗುತ್ತದೆ. ಕರಡಿನಲ್ಲಿ ಇದಕ್ಕೆಲ್ಲ ‘ಅಂತರ್ ಇಲಾಖಾ ಸಮನ್ವಯ ಕಾರ್ಯವಿಧಾನ’ ಎಂದು ಬರೆದಿದ್ದಾರೆ. ಆ ಪದಗಳಿಂದ ಮೋರಿಯ ಹತ್ತಿರ ನಿಂತವರಿಗೆ ಏನೂ ತಿಳಿಯುವುದಿಲ್ಲ.

‘ಸಮನ್ವಯ’ದ ಬಗ್ಗೆಯೂ ಒಂದು ಅಳುಕು ಇದೆ. ವೇದಾಂತದಿಂದ ಬಂದ ಮಾತು. ಕುವೆಂಪು ಅವರ ಪಂಚಮಂತ್ರದಲ್ಲಿ ಸರ್ವೋದಯದ ಪಕ್ಕದಲ್ಲಿ ನಿಂತಿರುವ ಮಾತು. ಕಚೇರಿಗೂ ಅದು ಹೊಸದೇನಲ್ಲ. ಶಿಕ್ಷಣ ಇಲಾಖೆಯಲ್ಲಿ ಕ್ಷೇತ್ರ ಸಮನ್ವಯಾಧಿಕಾರಿ ಇದ್ದಾರೆ. ಜಿಲ್ಲೆಗಳಲ್ಲಿ ‘ದಿಶಾ’ ಸಮಿತಿಯ ಪೂರ್ತಿ ಹೆಸರೇ ಜಿಲ್ಲಾ ಅಭಿವೃದ್ಧಿ ಸಮನ್ವಯ ಮತ್ತು ಉಸ್ತುವಾರಿ ಸಮಿತಿ. ಆ ಹೆಸರು ನನಗೆ ಇಷ್ಟವಾಗಲು ಕಾರಣವಿದೆ: ಸಮನ್ವಯ, ಉಸ್ತುವಾರಿ ಎರಡೂ ಬೇರೆ ಬೇರೆ ಕೆಲಸ ಎಂದು ಅದು ಒಪ್ಪಿಕೊಳ್ಳುತ್ತದೆ. ಎಲ್ಲರನ್ನೂ ಸಭೆಗೆ ಕರೆದು ಕೂರಿಸುವವರು ಒಬ್ಬರು, ಹೇಳಿದ ಕೆಲಸ ಆಯಿತೇ ಎಂದು ಕೇಳುವ ಅಧಿಕಾರವಿರುವವರು ಇನ್ನೊಬ್ಬರು. ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಗೆ ಇರುವ ಬಿಸಿಯೂ ಇದೇ. ಅಲ್ಲಿ ಉಸ್ತುವಾರಿ ಸಚಿವರು ಕಾಮಗಾರಿ ಹೆಸರು ಹಿಡಿದು ಕೇಳುತ್ತಾರೆ, ಅಧಿಕಾರಿ ಎದ್ದು ನಿಂತು ಉತ್ತರ ಹೇಳಬೇಕು. ಕರಡಿನಲ್ಲಿ ‘ಹವಾಮಾನ ಸಮನ್ವಯಾಧಿಕಾರಿ’ ಎಂದಿರುವ ಹುದ್ದೆಗೆ ಇವೆರಡರಲ್ಲಿ ಯಾವ ಅಧಿಕಾರ ಎನ್ನುವುದು ಪದದಿಂದ ಗೊತ್ತಾಗುವುದಿಲ್ಲ. ‘ಸಂಯೋಜಕ’ ಎಂದರೆ ಎನ್ನೆಸ್ಸೆಸ್ ಶಿಬಿರದ ನೆನಪು, ‘ಸಂಚಾಲಕ’ ಎಂದರೆ ಹೋರಾಟ ಸಮಿತಿಯ ನೆನಪು. ಪ್ರತಿ ಇಲಾಖೆಯಲ್ಲೂ ಉತ್ತರ ಕೊಡಬೇಕಾದ ಒಬ್ಬರಿಗೆ ‘ನೋಡಲ್ ಅಧಿಕಾರಿ’ ಎನ್ನುವುದನ್ನು ಹಾಗೇ ಉಳಿಸಿಕೊಳ್ಳೋಣವೆಂದು ನನ್ನ ಮತ. ಚುನಾವಣೆ, ಕೋವಿಡ್ ಸಮಯದಲ್ಲಿ ಆ ಮಾತು ಊರೂರಿಗೂ ತಲುಪಿದೆ. ನೋಡಲ್ ಅಧಿಕಾರಿ ಎಂದರೆ ಫೋನ್ ಮಾಡಬಹುದಾದ ಒಬ್ಬ ಮನುಷ್ಯ ಇದ್ದಾರೆಂದು ಜನ ತಿಳಿದುಕೊಂಡಿದ್ದಾರೆ.

ಇನ್ನು ‘ಕ್ರಿಯಾ ಯೋಜನೆ’. ಬದಲಿಸಲಾಗದು, ಹೆಸರೇ ಅದಾಗಿದೆ. ಆದರೆ ಪಂಚಾಯಿತಿ, ಪಾಲಿಕೆಗಳ ಬಾಯಲ್ಲಿ ‘ಆ್ಯಕ್ಷನ್ ಪ್ಲಾನ್’ಗೆ ಗಟ್ಟಿಯಾದ ಒಂದೇ ಅರ್ಥ: ಈ ವರ್ಷ ಹಣ ಸಿಗಲಿರುವ ಕಾಮಗಾರಿಗಳ ಅನುಮೋದಿತ ಪಟ್ಟಿ. “ನಮ್ಮ ಚರಂಡಿ ಆ್ಯಕ್ಷನ್ ಪ್ಲಾನ್‌ಗೆ ಸೇರಿದ್ಯಾ?” ಎಂದು ಸದಸ್ಯರು ಕೇಳುವುದು ಆ ಅರ್ಥದಲ್ಲೇ. ಪಟ್ಟಿಯಲ್ಲಿ ಸೇರಿದರೆ ಅಂದಾಜುಪಟ್ಟಿ, ಟೆಂಡರು, ಬಿಲ್ಲು. ಸೇರದಿದ್ದರೆ ಮುಂದಿನ ವರ್ಷ. ಈ ಕಿವಿಗೆ ‘ಹವಾಮಾನ ಕ್ರಿಯಾ ಯೋಜನೆ’ ಎಂದು ಬಿದ್ದ ಕೂಡಲೇ, ಹಣ ಮಂಜೂರಾಗಿದೆ ಎಂದಾಯಿತು. ಇದು 2050ರವರೆಗಿನ ದಾರಿನಕ್ಷೆ, ಇದರ ಒಂದೊಂದು ಅಂಶವೂ ಆಯಾ ಇಲಾಖೆಯ ವಾರ್ಷಿಕ ಕ್ರಿಯಾ ಯೋಜನೆಯೊಳಗೆ ಸೇರಿದ ಮೇಲಷ್ಟೇ ಕಾಮಗಾರಿಯಾಗುತ್ತದೆ ಎಂದು ಮೊದಲ ಪುಟದಲ್ಲೇ ಬರೆಯಬೇಕೆಂದು ಹಟ ಹಿಡಿದಿದ್ದೇನೆ. ವಾರ್ಡ್ ಸಮಿತಿಯವರು ಇದೊಂದನ್ನು ತಿಳಿದುಕೊಂಡರೂ ಯಾವ ತಿಂಗಳು, ಯಾವ ಕಚೇರಿಯಲ್ಲಿ, ಯಾವ ಪಟ್ಟಿಗಾಗಿ ಒತ್ತಾಯಿಸಬೇಕು ಎನ್ನುವುದು ಗೊತ್ತಾಗುತ್ತದೆ. ಯಾವ ಲೆಕ್ಕಶೀರ್ಷಿಕೆಯಡಿ ಸೇರಿಸಬೇಕು ಎಂಬುದು ಅಧಿಕಾರಿಗಳ ನಿಜವಾದ ತೊಡಕು. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿ ಎಂದರೆ ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿ. ಅದರ 18 ವಿಷಯಗಳಲ್ಲಿ ನಗರ ಅರಣ್ಯ, ಪರಿಸರ ರಕ್ಷಣೆ ಎಂಟನೆಯದಾಗಿ ಇದೆ, ಹವಾಮಾನ ಎಂಬ ಮಾತು ಅಲ್ಲಿಲ್ಲ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ಹವಾಮಾನ ಬದಲಾವಣೆ’ ನೆಲೆ ನಿಂತಿದೆ, ಅದನ್ನು ಕದಲಿಸುವುದು ಬೇಡ. ಆದರೆ ‘ಹವಾಮಾನ ದತ್ತಾಂಶ’ ಎಂದಲ್ಲಿ ನಿನ್ನೆಯ ಮಳೆಯೋ ಮೂವತ್ತು ವರ್ಷಗಳ ಸರಾಸರಿಯೋ ತಿಳಿಯದು. ಸರಾಸರಿಯ ಅರ್ಥವಿರುವಲ್ಲಿ ಮಾತ್ರ ಪಠ್ಯಪುಸ್ತಕದ ‘ವಾಯುಗುಣ’ ಬಳಸಬಹುದೇ? ಪರಿಸರಕ್ಕೆ ಹಾನಿಯಾಗದಂತೆ ಬಹುಕಾಲ ಬಾಳುವುದು ಎಂಬ ಅರ್ಥದಲ್ಲಿ ‘ಸುಸ್ಥಿರ ರಸ್ತೆ’ ಎಂದದ್ದನ್ನು ಸುಸ್ಥಿತಿಯಲ್ಲಿರುವ ರಸ್ತೆ ಎಂದು ಓದುವವರು ಬಹಳ. ‘ಸ್ಥಿತಿಸ್ಥಾಪಕತ್ವ’ ಭೌತಶಾಸ್ತ್ರದ ಸ್ಪ್ರಿಂಗಿಗೆ ಇರಲಿ. ಪೆಟ್ಟು ತಿಂದೂ ನಿಲ್ಲುವ ನಗರಕ್ಕೆ ‘ತಾಳಿಕೆ’ ಸಾಕು ಎನಿಸುತ್ತದೆ. ‘ತಾಳಿಕೆ ಬಾಳಿಕೆ’ ಬಟ್ಟೆಬರೆಗೆ ಹೇಳುವ ಮಾತಾದ್ದರಿಂದ ಎಲ್ಲರಿಗೂ ತಿಳಿದಿದೆ.

ಬೇರೆ ಕಡೆಯ ಬಳಕೆ ತಿಳಿಯುವ ಆಸೆ ಇದೆ. ಮಂಗಳೂರು, ಕಲಬುರಗಿ, ಹುಬ್ಬಳ್ಳಿ ಪಾಲಿಕೆಗಳ ಒಡನಾಟವಿರುವವರು ಅಲ್ಲಿಯ ನಡಾವಳಿಗಳಲ್ಲಿ ‘ಸಮನ್ವಯ’ ಬರುತ್ತದೋ ‘ಹೊಂದಾಣಿಕೆ’ಯೋ ನೋಡಿ ಹೇಳಬೇಕು. ಗ್ರಾಮ ಪಂಚಾಯಿತಿಯವರು ಇದ್ದರೆ ಇನ್ನೂ ಒಳ್ಳೆಯದು. ಅವರ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ಸ್ವಚ್ಛ, ಹಸಿರು ಗ್ರಾಮ ಎಂಬುದೊಂದು. ಅದರಡಿ ಸೌರದೀಪ, ಕೆರೆಯ ಕೆಲಸಗಳನ್ನು ಬರೆಯುವಾಗ ಯಾವ ಮಾತು ಬಳಸುತ್ತಾರೆ? ಕಾಸರಗೋಡಿನ ಗೆಳೆಯರಿಗೆ ವಿಶೇಷ ವಿನಂತಿ. ಕೇರಳದಲ್ಲಿ ವಯನಾಡಿನ ಮೀನಂಗಾಡಿ ಪಂಚಾಯಿತಿ 2016ರಲ್ಲೇ ಇಂಗಾಲ ಸಮತೋಲನದ ಕೆಲಸಕ್ಕೆ ಇಳಿದು ಹೆಸರಾಯಿತು. ನಿಮ್ಮ ಕಡೆಯ ಪಂಚಾಯಿತಿಗಳ ಕನ್ನಡ ನೋಟೀಸುಗಳಲ್ಲಿ ಇಂಥ ಸಂಗತಿಗೆ ಯಾವ ಪದ ಅಚ್ಚಾಗುತ್ತದೆ? ಫೋಟೊ ತೆಗೆದು ಕಳಿಸಿದರೆ, ಅದು ಮಲಯಾಳದ ಪದದ ನೆರಳೇ ಆಗಿದ್ದರೂ, ಕೈಪಿಡಿಯವರ ಮುಂದೆ ಇಡುತ್ತೇನೆ. ಕರಡು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ. ತಲೆಬರಹದ ‘ಹೊಂದಾಣಿಕೆ’ಗೆ ಬದಲಿ ಪದ ಮಾತ್ರ ಮೊದಲು ಬೇಕು.