ನಿವೃತ್ತಿಯ ನಂತರ ದೂರದ ಊರಿನಲ್ಲಿ ನೆಲೆಸುವುದು: ಅಲ್ಲಿಯವರೊಡನೆ ಬೆರೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಈಗ 61 ವರ್ಷ, ನನ್ನ ಪತ್ನಿಗೆ 58. ಮುಂದಿನ ವರ್ಷ ಇಬ್ಬರೂ ನಿವೃತ್ತರಾಗುತ್ತೇವೆ. ಆಮೇಲೆ ಹೊರದೇಶದ ಕಡಲತೀರದ ಒಂದು ಹಳ್ಳಿಯಲ್ಲಿ ನೆಲೆಸಬೇಕೆಂಬುದು ನಮ್ಮ ಬಹುಕಾಲದ ಆಸೆ. ಆ ಊರಿನಲ್ಲಿ ಹೆಚ್ಚೆಂದರೆ ನಾನೂರು ಜನ ಇರಬಹುದು. ಪಟ್ಟಣ ಸೇರಲು ಒಂದೂವರೆ ಗಂಟೆಯ ದಾರಿ. ನಾವು ಅಲ್ಲಿಗೆ ಮೂರು ಸಲ ಹೋಗಿ ಬಂದಿದ್ದೇವೆ. ಮೂರು ಸಲವೂ ರಜೆಯಲ್ಲಿ, ಹವೆ ಹಿತವಾಗಿದ್ದ ತಿಂಗಳುಗಳಲ್ಲಿ ಎಂಬುದನ್ನು ಮುಚ್ಚಿಡುವುದಿಲ್ಲ.

ಹಣದ ಲೆಕ್ಕಾಚಾರ ಮಾಡಿದ್ದೇವೆ. ನನ್ನನ್ನು ಕಾಡುತ್ತಿರುವುದು ಬೇರೆ ಸಂಗತಿ. ಆ ಹಳ್ಳಿಯಿಂದ ಸ್ವಲ್ಪ ದೂರದಲ್ಲಿ ಹೊರದೇಶದ ನಿವೃತ್ತರೇ ತುಂಬಿರುವ ಒಂದು ಬಡಾವಣೆ ಇದೆ. ಅಲ್ಲಿ ಇಂಗ್ಲಿಷಿನಲ್ಲಿಯೇ ದಿನ ಕಳೆಯುತ್ತದೆ, ಸ್ಥಳೀಯರ ಪರಿಚಯವೇ ಇಲ್ಲದೆ ವರ್ಷಗಳನ್ನು ಕಳೆಯಬಹುದು. ಹಾಗೆ ಬದುಕುವುದು ನಮಗೆ ಬೇಡ. ಆದರೆ ಈ ವಯಸ್ಸಿನಲ್ಲಿ ಹೊಸ ಭಾಷೆ ಕಲಿತು, ತಲೆಮಾರುಗಳಿಂದ ಒಬ್ಬರನ್ನೊಬ್ಬರು ಬಲ್ಲ ಜನರ ನಡುವೆ ಜಾಗ ಮಾಡಿಕೊಳ್ಳಲು ಸಾಧ್ಯವೇ, ಅಥವಾ ಕೊನೆಯವರೆಗೂ ಅತಿಥಿಗಳಾಗಿಯೇ ಉಳಿಯುತ್ತೇವೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1 (ಒಂಬತ್ತು ವರ್ಷಗಳಿಂದ ಹೊರದೇಶದ ಬೆಟ್ಟದ ಹಳ್ಳಿಯೊಂದರಲ್ಲಿ ವಾಸ)

ನಮಸ್ಕಾರ. ಸಾಧ್ಯವಿದೆ, ಆದರೆ ನೀವು ಊಹಿಸಿರುವ ಕ್ರಮದಲ್ಲಿ ಆಗುವುದಿಲ್ಲ. ಮೊದಲು ಭಾಷೆ ಕಲಿತು ಆಮೇಲೆ ಜನರೊಡನೆ ಬೆರೆಯುತ್ತೇವೆ ಎಂದು ನಾವೂ ಅಂದುಕೊಂಡಿದ್ದೆವು. ನಡೆದದ್ದು ತಿರುವುಮುರುವಾಗಿ: ಮಾತು ಬಾರದ ದಿನಗಳಲ್ಲಿ ಯಾರು ನಮ್ಮ ತೊದಲುಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರೋ ಅವರಿಂದಲೇ ನಾವು ಭಾಷೆ ಕಲಿತೆವು. ಆದರೂ ಹೊರಡುವ ಮುಂಚಿನ ಒಂದು ವರ್ಷವನ್ನು ವ್ಯರ್ಥ ಮಾಡಬೇಡಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜಿನಂತೆ, ಇಂಗ್ಲಿಷ್ ಬಲ್ಲವರಿಗೆ ಸ್ಪ್ಯಾನಿಷಿನಂಥ ಭಾಷೆಯಲ್ಲಿ ವೃತ್ತಿಗೆ ಸಾಕಾಗುವಷ್ಟು ಹಿಡಿತ ಬರಲು 600ರಿಂದ 750 ಗಂಟೆಗಳ ತರಗತಿ ಬೇಕು; ಜಪಾನಿ ಅಥವಾ ಅರಬ್ಬಿ ಭಾಷೆಗಾದರೆ ಸುಮಾರು 2,200 ಗಂಟೆ. ನಿಮಗೆ ಅಷ್ಟು ಹಿಡಿತ ಬೇಕಾಗಿಲ್ಲ, ನಿಜ. ಆದರೆ ದಿನಕ್ಕೆ ಹತ್ತು ನಿಮಿಷ ಮೊಬೈಲಿನಲ್ಲಿ ಪದಗಳನ್ನು ಒತ್ತುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಮನೆ ಕೊಳ್ಳಬೇಡಿ. ಕನಿಷ್ಠ ಒಂದು ವರ್ಷ ಬಾಡಿಗೆಗೆ ಇರಿ, ಅದನ್ನೂ ಊರಿನ ಅತ್ಯಂತ ಕಷ್ಟದ ಋತುವಿನಿಂದಲೇ ಆರಂಭಿಸಿ. ಪ್ರವಾಸಿಗರೆಲ್ಲ ಹೋದ ಮೇಲೆ, ಅಂಗಡಿಗಳು ಅರ್ಧ ಮುಚ್ಚಿ, ದೋಣಿಗಳು ದಡ ಸೇರಿದ ಕಾಲದಲ್ಲಿ ಊರಿನಲ್ಲಿ ಉಳಿಯುವವರು ಯಾರೋ ಅವರೇ ಆ ಊರಿನವರು. ನಮ್ಮನ್ನು ಹಳ್ಳಿಯವರು ಮಾತನಾಡಿಸತೊಡಗಿದ್ದು ಮೊದಲ ಚಳಿಗಾಲ ಕಳೆದ ಮೇಲೆ. ಅದಕ್ಕೆ ಮುಂಚೆ ನಾವು ಎಷ್ಟು ನಕ್ಕರೂ, ಎಷ್ಟು ಕೈ ಬೀಸಿದರೂ, ಬಂದು ಹೋಗುವವರ ಲೆಕ್ಕದಲ್ಲಿಯೇ ಇದ್ದೆವು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಮನೆ ಕೊಂಡು ಎರಡೇ ವರ್ಷದಲ್ಲಿ ಮಾರಿ ಹೋದವರನ್ನು ಅವರು ಎಷ್ಟೋ ಮಂದಿಯನ್ನು ಕಂಡಿದ್ದರು.

ನನಗೆ ತಡವಾಗಿ ಅರ್ಥವಾದ ಒಂದು ಮಾತನ್ನು ಹೇಳಲೇಬೇಕು. ನಾವು ಆರಂಭದಲ್ಲಿ ಎಲ್ಲರಿಗೂ ಸಹಾಯ ಮಾಡಲು ಮುಂದಾಗುತ್ತಿದ್ದೆವು, ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದು ಸೌಜನ್ಯವೆಂದು ನಾವು ತಿಳಿದಿದ್ದೆವು. ಒಮ್ಮೆ ಹಿಮದಲ್ಲಿ ಕಾರು ಸಿಕ್ಕಿಕೊಂಡಾಗ ಬೇರೆ ದಾರಿಯಿಲ್ಲದೆ ಪಕ್ಕದ ಮನೆಯ ಬಾಗಿಲು ತಟ್ಟಬೇಕಾಯಿತು. ಆ ದಿನದ ನಂತರ ಆ ಮನೆಯವರ ನಡವಳಿಕೆಯೇ ಬದಲಾಯಿತು. ಚಿಕ್ಕ ಊರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಏನಾದರೊಂದು ಬಾಕಿ ಇರುತ್ತಾರೆ. ಯಾರಿಗೂ ಏನೂ ಬಾಕಿ ಇಲ್ಲದವರು ಹೊರಗಿನವರು. ಆದ್ದರಿಂದ ಏಣಿಯೋ ಗರಗಸವೋ ಬೇಕಾದಾಗ ಹೊಸದನ್ನು ಕೊಳ್ಳುವ ಮೊದಲು ಎರವಲು ಕೇಳಿ, ಮತ್ತು ಹೇಳಿದ ದಿನಕ್ಕೆ ಹಿಂದಿರುಗಿಸಿ.

ಇನ್ನೊಂದು ಎಚ್ಚರಿಕೆ: ನಾನೂರು ಜನರ ಊರಿನಲ್ಲಿ ಹಳೆಯ ಜಗಳಗಳಿರುತ್ತವೆ. ನಿಮ್ಮೊಡನೆ ಮೊದಲು ಸ್ನೇಹ ಬೆಳೆಸುವವರು ಅಂಥ ಜಗಳದ ಒಂದು ಪಕ್ಷದವರಾಗಿರಬಹುದು. ಎರಡು ವರ್ಷವಾದರೂ ಯಾವ ಪಕ್ಷವನ್ನೂ ವಹಿಸಬೇಡಿ. "ನಮ್ಮ ದೇಶದಲ್ಲಿ ಹೀಗೆ ಮಾಡುತ್ತೇವೆ" ಎಂಬ ವಾಕ್ಯವನ್ನಂತೂ ಮರೆತುಬಿಡುವುದೇ ಒಳ್ಳೆಯದು.

ಉತ್ತರ 2 (ವಲಸೆ ಕಾಗದಪತ್ರಗಳ ಕೆಲಸದಲ್ಲಿದ್ದವರು)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬೆರೆಯುವುದಕ್ಕೂ ಕಾನೂನಿಗೂ ಸಂಬಂಧವಿದೆ ಎಂಬುದನ್ನು ಸೇರಿಸಬೇಕು. ಹಲವು ದೇಶಗಳ ನಿವೃತ್ತಿ ವೀಸಾ ಕೆಲಸ ಮಾಡಲು ಅವಕಾಶ ಕೊಡುವುದಿಲ್ಲ, ಸಂಬಳವಿಲ್ಲದ ಸೇವೆಯನ್ನೂ ಕೆಲಸವೆಂದೇ ಎಣಿಸುವ ಕಡೆಗಳಿವೆ. ಶಾಲೆಯಲ್ಲಿ ಪಾಠ ಹೇಳಿಕೊಡುತ್ತೇನೆ, ಗ್ರಂಥಾಲಯದಲ್ಲಿ ಕೈಜೋಡಿಸುತ್ತೇನೆ ಎಂದು ಉತ್ಸಾಹದಿಂದ ಹೊರಡುವ ಮೊದಲು ಇದನ್ನು ವಿಚಾರಿಸಿ.

ನಿಯಮಗಳು ಬದಲಾಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಲೇಷ್ಯಾವು ಹೊರದೇಶದವರು ದೀರ್ಘಕಾಲ ನೆಲೆಸಲು ರೂಪಿಸಿದ ಯೋಜನೆಯಲ್ಲಿ 2021ರಲ್ಲಿ ತಿಂಗಳ ಆದಾಯದ ಮಿತಿಯನ್ನು 10,000 ರಿಂಗಿಟ್‌ನಿಂದ 40,000ಕ್ಕೆ ಏರಿಸಿತು, ಮುಂದೆ ಇಡೀ ಯೋಜನೆಯನ್ನೇ ಮತ್ತೆ ತಿದ್ದಿತು. ಪೋರ್ಚುಗಲ್ 2009ರಲ್ಲಿ ಆರಂಭಿಸಿದ ತೆರಿಗೆ ರಿಯಾಯಿತಿಯಿಂದ ಅನೇಕ ನಿವೃತ್ತರು ಅಲ್ಲಿಗೆ ಹೋದರು. 2020ರಲ್ಲಿ ಹೊಸದಾಗಿ ಸೇರುವವರ ವಿದೇಶಿ ಪಿಂಚಣಿಯ ಮೇಲೆ ಶೇ. 10 ತೆರಿಗೆ ಬಂತು, 2024ರಲ್ಲಿ ಆ ಬಾಗಿಲೇ ಹೊಸ ನಿವೃತ್ತರಿಗೆ ಮುಚ್ಚಿತು. ಥಾಯ್ಲೆಂಡ್‌ನಲ್ಲಿ 50 ವರ್ಷ ದಾಟಿದವರು ನಿವೃತ್ತರಾಗಿ ಇರಬಹುದು, ಆದರೆ ಸಾಮಾನ್ಯ ನಿವೃತ್ತಿ ವೀಸಾದಲ್ಲಿ ಇರುವವರು ಅಲ್ಲಿ ಎಷ್ಟು ಕಾಲ ಕಳೆದಿದ್ದರೂ ಅನುಮತಿಯನ್ನು ವರ್ಷವರ್ಷವೂ ನವೀಕರಿಸಬೇಕು, 90 ದಿನಗಳಿಗೊಮ್ಮೆ ವಿಳಾಸ ತಿಳಿಸಬೇಕು. ಇಂದಿನ ರಿಯಾಯಿತಿಯನ್ನು ನೋಡಿ ಊರನ್ನು ಆರಿಸಿಕೊಂಡವರಿಗೆ ರಿಯಾಯಿತಿ ಹೋದ ದಿನ ಆ ಊರಿನಲ್ಲಿ ಉಳಿಯಲು ಬೇರೆ ಕಾರಣವೇ ಇರುವುದಿಲ್ಲ. ನಿಮ್ಮ ಪ್ರಶ್ನೆಯನ್ನು ನೋಡಿದರೆ ನೀವು ಹಾಗೆ ಆರಿಸಿದವರಲ್ಲ ಎನಿಸುತ್ತದೆ, ಸಂತೋಷ.

ಪಿಂಚಣಿಯ ಬಗ್ಗೆ ಒಂದು ಮಾತು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಆಸ್ಟ್ರೇಲಿಯಾ, ಕೆನಡಾ ಮುಂತಾದ ಕಡೆ ನೆಲೆಸಿದರೆ ವಾರ್ಷಿಕ ಹೆಚ್ಚಳ ಸಿಗುವುದಿಲ್ಲ, ಮೊತ್ತ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಪಿಂಚಣಿಗೆ ಇಂಥ ಕಟ್ಟುಪಾಡು ಇದೆಯೇ ಎಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಉತ್ತರ 3 (ನಿವೃತ್ತ ವೈದ್ಯ)

ಒಂದೂವರೆ ಗಂಟೆಯ ದಾರಿ ಎಂದಿದ್ದೀರಿ. ಪಾರ್ಶ್ವವಾಯು ಬಡಿದಾಗ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮುಂಚೆ ಸ್ಕ್ಯಾನ್ ಆಗಿರಬೇಕು. ಹಾಗಾಗಿ ಪಟ್ಟಣದ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಇದೆಯೇ, ಆಂಬುಲೆನ್ಸ್ ಎಲ್ಲಿಂದ ಹೊರಟು ಬರುತ್ತದೆ, ಮಳೆಗಾಳಿಯಲ್ಲಿ ರಸ್ತೆ ತೆರೆದಿರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಮುಂದುವರಿಯಿರಿ. ನಿಮ್ಮಿಬ್ಬರ ಕಾಯಿಲೆ, ಔಷಧ, ಅಲರ್ಜಿಗಳ ವಿವರವನ್ನು ಅಲ್ಲಿನ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ. ಔಷಧಗಳ ಹೆಸರು ಕಂಪನಿಯದಲ್ಲ, ಮೂಲದ್ರವ್ಯದ್ದಾಗಿರಲಿ, ಏಕೆಂದರೆ ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಮರೆವಿನ ಕಾಯಿಲೆ ಬಂದಾಗ ತಡವಾಗಿ ಕಲಿತ ಭಾಷೆ ಮೊದಲು ಮಸುಕಾಗಿ, ಬಾಲ್ಯದ ಭಾಷೆಯೊಂದೇ ಉಳಿಯುವುದನ್ನು ನಾನು ಹಲವು ರೋಗಿಗಳಲ್ಲಿ ಕಂಡಿದ್ದೇನೆ. ಹೆದರಿಸಲು ಹೇಳುತ್ತಿಲ್ಲ. ಅಂಥ ದಿನ ಬಂದರೆ ಎಲ್ಲಿರಬೇಕೆಂಬುದನ್ನು ಈಗಲೇ, ಆರೋಗ್ಯವಾಗಿರುವಾಗಲೇ, ಇಬ್ಬರೂ ಕುಳಿತು ಮಾತನಾಡಿಕೊಳ್ಳಿ.

ಉತ್ತರ 4 (ನಾಲ್ಕು ವರ್ಷ ದ್ವೀಪವೊಂದರಲ್ಲಿದ್ದು ಮರಳಿದವರು)

ಸರ್, ನೀವು "ನಾವು" ಎಂದು ಬರೆದಿರುವ ಕಡೆಗಳಲ್ಲೆಲ್ಲ ನಾನು ನಿಂತು ನಿಂತು ಓದಿದೆ. ನಾನೂ ನನ್ನ ಪತಿಯೂ ಹೀಗೆಯೇ ಹೋದೆವು. ಅವರಿಗೆ ಭಾಷೆ ಬೇಗ ಒಲಿಯಿತು. ಅಂಗಡಿಯಲ್ಲಿ, ಕಚೇರಿಯಲ್ಲಿ, ಬಂದರಿನಲ್ಲಿ ಅವರೇ ಮಾತನಾಡುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ನಗುತ್ತಿದ್ದೆ. ಊರಿನವರು ನಮ್ಮನ್ನು ಪ್ರೀತಿಯಿಂದ ಕಂಡರು. ನಾವು ಅಲ್ಲಿಯವರಾಗಿಬಿಟ್ಟೆವು ಎಂದೇ ನಾನು ನಂಬಿದ್ದೆ.

ನಾಲ್ಕನೆಯ ವರ್ಷ ಅವರು ತೀರಿಕೊಂಡರು. ಅಂದು ಮನೆ ತುಂಬ ಜನ ಬಂದರು, ನನ್ನ ಕೈ ಹಿಡಿದು ಕುಳಿತರು, ಏನೇನೋ ಹೇಳಿದರು. ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ನನ್ನ ಗಂಡನ ಬಗ್ಗೆ ಅವರಿಗೆ ಗೊತ್ತಿದ್ದ, ನನಗೆ ಗೊತ್ತಿಲ್ಲದ ಎಷ್ಟೋ ಮಾತು ಅದರಲ್ಲಿ ಇದ್ದಿರಬೇಕು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ಕಾಗದಪತ್ರಗಳ ಕಷ್ಟ ಶುರುವಾಯಿತು. ಬ್ಯಾಂಕ್ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು, ಅದನ್ನು ತಡೆಹಿಡಿದರು. ನನ್ನ ವಾಸದ ಅನುಮತಿ ಅವರ ಅನುಮತಿಗೆ ಜೋಡಿಸಿದ್ದಾಗಿತ್ತು. ಕಾರು ಓಡಿಸಲು ನನಗೆ ಬರುತ್ತಿರಲಿಲ್ಲ, ದಿನಕ್ಕೆ ಒಂದೇ ಬಸ್ಸು. ಐದು ತಿಂಗಳು ಇದ್ದು ಮಗಳ ಊರಿಗೆ ಹೊರಟು ಬಂದೆ. ಆ ಊರು ನನ್ನನ್ನು ಕಳುಹಿಸಲಿಲ್ಲ; ಬೆರೆತವರು ಅವರೊಬ್ಬರೇ ಆಗಿದ್ದರು, ನಾನು ಅವರ ಮೂಲಕ ಮಾತ್ರ ಅಲ್ಲಿದ್ದೆ.

ಆದ್ದರಿಂದ ನಿಮ್ಮ ಪತ್ನಿಯವರು ಏನು ಹೇಳುತ್ತಾರೆ ಎಂದು ಕೇಳಬೇಕೆನಿಸಿತು. ಅವರಿಗೆ ತಮ್ಮದೇ ಅನುಮತಿ, ತಮ್ಮದೇ ಖಾತೆ, ನೀವಿಲ್ಲದೆ ಹೋಗಿ ಕುಳಿತು ಬರುವಂಥ ಒಂದೆರಡು ಮನೆಗಳು ಇರಬೇಕು. ವಾರದಲ್ಲಿ ಒಂದು ದಿನ ಊರಿನ ಎಲ್ಲ ಕೆಲಸಕ್ಕೂ ಅವರೊಬ್ಬರೇ ಹೋಗಲಿ, ಮತ್ತೊಂದು ದಿನ ನೀವೊಬ್ಬರೇ ಹೋಗಿ. ಉಯಿಲನ್ನು ಎರಡೂ ದೇಶಗಳ ಕಾನೂನು ಬಲ್ಲವರಿಗೆ ತೋರಿಸಿ. ಯೂರೋಪಿಯನ್ ಒಕ್ಕೂಟದ ಬಹುಪಾಲು ದೇಶಗಳಲ್ಲಿ 2015ರ ಆಗಸ್ಟ್ 17ರಿಂದ ಈಚೆಗೆ, ಬೇರೆ ಏನೂ ಬರೆದಿಡದಿದ್ದರೆ, ಸತ್ತಾಗ ವಾಸವಿದ್ದ ದೇಶದ ಕಾನೂನಿನಂತೆಯೇ ಆಸ್ತಿ ಹಂಚಿಕೆಯಾಗುತ್ತದೆ. ತಮ್ಮ ಪೌರತ್ವದ ದೇಶದ ಕಾನೂನು ಬೇಕೆನ್ನುವವರು ಉಯಿಲಿನಲ್ಲಿ ಹಾಗೆಂದು ಬರೆದಿಡಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕನೆಯ ಉತ್ತರವನ್ನು ಬರೆದ ಮೇಡಂ ಅವರಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನೆ ರಾತ್ರಿ ಅದನ್ನು ಪತ್ನಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮನಸ್ಸಿನಲ್ಲಿದ್ದ ಭಯವೂ ಇದೇ ಎಂದಳು. ನಾನು ಅಷ್ಟು ಉತ್ಸಾಹದಲ್ಲಿದ್ದುದರಿಂದ ಹೇಳಿರಲಿಲ್ಲವಂತೆ. ಮನೆ ಕೊಳ್ಳುವ ಮಾತನ್ನು ಬಿಟ್ಟಿದ್ದೇವೆ. ಕಷ್ಟದ ಋತುವಿನಲ್ಲಿ ಹೋಗಿ ಒಂದು ವರ್ಷ ಬಾಡಿಗೆಗೆ ಇರುತ್ತೇವೆ, ಅಲ್ಲಿಯೇ ಉಳಿಯುವುದೋ ಬೇಡವೋ ಎಂಬುದನ್ನು ವರ್ಷದ ಕೊನೆಯಲ್ಲಿ ಅವಳು ಹೇಳುತ್ತಾಳೆ. ಭಾಷೆಯ ತರಗತಿಗೆ ಇಬ್ಬರೂ ಸೇರುತ್ತಿದ್ದೇವೆ, ಬೇರೆ ಬೇರೆ ಸಮಯಕ್ಕೆ, ಒಬ್ಬರು ಇನ್ನೊಬ್ಬರ ಬದಲು ಉತ್ತರ ಹೇಳಬಾರದೆಂದು. ಒಂದೇ ಒಂದು ಸಣ್ಣ ಪ್ರಶ್ನೆ ಉಳಿದಿದೆ: ಹೋದ ಮೊದಲ ವಾರ ಏನು ಮಾಡಬೇಕು?

ಉತ್ತರ 1 ಬರೆದವರು

ಅಕ್ಕಪಕ್ಕದ ಮನೆಗಳಿಗೆ ಇಬ್ಬರೂ ಹೋಗಿ ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ, ಮನೆಗೆ ಬಂದು ಬರೆದಿಟ್ಟುಕೊಳ್ಳಿ. ಕಸವನ್ನು ಯಾವ ದಿನ, ಎಲ್ಲಿ ಇಡಬೇಕು ಎಂದೂ ವಿಚಾರಿಸಿ. ಅದು ನಿಮಗೆ ಮೊದಲೇ ಗೊತ್ತಿದ್ದರೂ ಸರಿ, ಆ ಪ್ರಶ್ನೆಯನ್ನು ನಿಮ್ಮ ಪತ್ನಿಯವರೇ ಅಲ್ಲಿನ ಭಾಷೆಯಲ್ಲಿ ಕೇಳಲಿ.